ರೆಸಿಡೆಂಟ್ ಈವಿಲ್ 4: ಯಾವ ಯಂತ್ರದಲ್ಲಿ ಆಡಿದರೆ ಚೆನ್ನ?

ರೆಸಿಡೆಂಟ್ ಈವಿಲ್ 4 ಅನ್ನುವ ಭಯದ ವಿಡಿಯೋ ಗೇಮ್ ಮೊದಲು ಬಂದದ್ದು 2005ರ ಜನವರಿಯಲ್ಲಿ, ನಿಂಟೆಂಡೋ ಗೇಮ್‌ಕ್ಯೂಬ್‌ಗೆ. ಅದೇ ವರ್ಷ ಪ್ಲೇಸ್ಟೇಷನ್ 2ಕ್ಕೆ ಬಂತು. 2007ರಲ್ಲಿ ಕಂಪ್ಯೂಟರಿಗೂ ನಿಂಟೆಂಡೋ ವೀಗೂ ಬಂತು. 2011ರಲ್ಲಿ ಪ್ಲೇಸ್ಟೇಷನ್ 3 ಮತ್ತು ಎಕ್ಸ್‌ಬಾಕ್ಸ್ 360, 2014ರಲ್ಲಿ ಮತ್ತೊಮ್ಮೆ ಕಂಪ್ಯೂಟರ್, 2016ರಲ್ಲಿ ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್, 2019ರಲ್ಲಿ ಸ್ವಿಚ್, 2021ರಲ್ಲಿ ತಲೆಗೆ ಕಟ್ಟಿಕೊಳ್ಳುವ ಕ್ವೆಸ್ಟ್ 2. ನಡುವೆ ಮೊಬೈಲಿಗೂ ಬಂದು ಹೋಯಿತು. ಇಷ್ಟು ಕಡೆ ಸಿಗುವಾಗ ಯಾವುದನ್ನು ಕೊಳ್ಳಬೇಕು ಅಂತ ಕೇಳುವವರು ಇವತ್ತಿಗೂ ಇದ್ದಾರೆ. ನನಗೆ ಈ ಆಟ ಅಂದರೆ ಪ್ರಾಣ. ಕೈಗೆ ಸಿಕ್ಕ ಯಂತ್ರದಲ್ಲೆಲ್ಲ ಆಡಿದ್ದೇನೆ. ಅದರಿಂದ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೋಲಿಕೆ ಅಂದ ತಕ್ಷಣ ಎಲ್ಲರೂ ಚಿತ್ರದ ಕಡೆ ನೋಡುತ್ತಾರೆ. ಯಾವುದರಲ್ಲಿ ಗೋಡೆಯ ಇಟ್ಟಿಗೆ ಚೆನ್ನಾಗಿ ಕಾಣುತ್ತದೆ, ಯಾವುದರಲ್ಲಿ ಫ್ರೇಮ್ (ಸೆಕೆಂಡಿಗೆ ಮೂಡುವ ಚಿತ್ರ) ಜಾಸ್ತಿ, ಇಂಥದ್ದೇ ಮಾತು. ಅದೂ ಬೇಕು, ಇಲ್ಲ ಅನ್ನಲ್ಲ. ಆದರೆ ಈ ಆಟದ ಮಟ್ಟಿಗೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಗುರಿ ಹಿಡಿಯುವುದು ಹೇಗೆ?

ಕಾರಣ ಇದೆ. ಕಥೆಯಲ್ಲಿ ಲಿಯಾನ್ ಕೆನಡಿ ಅಮೆರಿಕದ ಅಧ್ಯಕ್ಷರ ಮಗಳು ಆಶ್ಲಿಯನ್ನು ಹುಡುಕಿಕೊಂಡು ಸ್ಪೇನಿನ ಒಂದು ಹಳ್ಳಿಗೆ ಬರುತ್ತಾನೆ. ಅಲ್ಲಿಯ ಜನರ ಮೈಯೊಳಗೆ ಒಂದು ಪರಾವಲಂಬಿ ಹುಳು ಸೇರಿಕೊಂಡಿರುತ್ತದೆ. ಕೊಡಲಿ, ಕವೆಗೋಲು ಹಿಡಿದು ಅವರು ಮೈಮೇಲೆ ಬರುತ್ತಾರೆ. ಲಿಯಾನ್ ಬಂದೂಕು ಎತ್ತಿದ ಕ್ಷಣ ಅವನ ಕಾಲು ನಿಂತುಬಿಡುತ್ತದೆ. ನಡೆಯುತ್ತಾ ಗುಂಡು ಹಾರಿಸುವ ಹಾಗಿಲ್ಲ. ನಿಲ್ಲಬೇಕು, ಗುರಿ ಹಿಡಿಯಬೇಕು, ಹೊಡೆಯಬೇಕು, ಆಮೇಲೆ ತಿರುಗಿ ಓಡಬೇಕು. ಮಂಡಿಗೆ ಹೊಡೆದರೆ ಶತ್ರು ಕುಸಿಯುತ್ತಾನೆ. ಮುಖಕ್ಕೆ ಹೊಡೆದರೆ ತತ್ತರಿಸುತ್ತಾನೆ. ಆಗ ಓಡಿ ಹೋಗಿ ಒಂದು ಒದೆ ಕೊಟ್ಟರೆ ಅಕ್ಕಪಕ್ಕದವರೂ ಬೀಳುತ್ತಾರೆ, ಗುಂಡೂ ಉಳಿಯುತ್ತದೆ. ಎಸೆಯಲು ಹಿಡಿದ ಡೈನಮೈಟನ್ನು ಅವರ ಕೈಯಲ್ಲಿರುವಾಗಲೇ ಹೊಡೆದು ಸಿಡಿಸಬಹುದು. ಇಡೀ ಆಟ ನಿಂತಿರುವುದು ಆ ಒಂದೆರಡು ಸೆಕೆಂಡಿನ ಗುರಿಯ ಮೇಲೆ. ಹಾಗಾಗಿ ಯಂತ್ರ ಬದಲಾದಾಗ ಗುರಿ ಹಿಡಿಯುವ ಕೈ ಬದಲಾಗುತ್ತದೆ, ಅದರ ಜೊತೆ ಭಯವೂ ಬದಲಾಗುತ್ತದೆ.

ಗೇಮ್‌ಕ್ಯೂಬ್: ಕತ್ತಲೆಗೆ ಇದೇ

ಇದು ಮೂಲ. ನಿರ್ದೇಶಕ ಶಿಂಜಿ ಮಿಕಾಮಿ ಮತ್ತು ಅವರ ತಂಡ ಈ ಯಂತ್ರದ ಅಳತೆಗೇ ಹೊಲಿದ ಅಂಗಿ ಇದು. ಹಳ್ಳಿಯ ಮೇಲೆ ಮುಚ್ಚಿಕೊಂಡ ಬೂದು ಮಂಜು, ಕೆರೆಯ ನೀರಿನ ಮೇಲೆ ಬೀಳುವ ಮಳೆ, ಕೋಟೆಯ ಓಣಿಗಳಲ್ಲಿ ದೀಪದ ಹಳದಿ ಬೆಳಕು, ಇವೆಲ್ಲ ಇಲ್ಲಿ ಒಂದಕ್ಕೊಂದು ಹೊಂದಿಕೊಂಡಿವೆ. ಮುಂದೆ ಬಂದವುಗಳಲ್ಲಿ ಚಿತ್ರ ಚೂಪಾಯಿತು ನಿಜ. ಚೂಪಾದಂತೆ ಗೋಡೆ ಗೋಡೆಯಾಗಿ, ಗಿಡ ಕಾಗದದ ಗಿಡವಾಗಿ ಕಾಣತೊಡಗಿದವು. ಹಳೆಯ ದಪ್ಪ ಟಿವಿಯಲ್ಲಿ ಗೇಮ್‌ಕ್ಯೂಬ್ ಹಾಕಿ ನೋಡಿದರೆ ಅದೇ ಗೋಡೆ ಒದ್ದೆಯಾಗಿ, ಹಳೆಯದಾಗಿ ಕಾಣುತ್ತದೆ.

ಕಂಟ್ರೋಲರ್ ವಿಷಯಕ್ಕೆ ಬಂದರೆ ಅದರ ಬಲಗಡೆ ಇರುವ ದೊಡ್ಡ ಹಸಿರು ಬಟನ್ ಈ ಆಟಕ್ಕೆ ಹೇಳಿ ಮಾಡಿಸಿದ ಹಾಗಿದೆ. ಬಲಗಡೆಯ ಟ್ರಿಗರ್ ಹಿಡಿದರೆ ಬಂದೂಕು ಏಳುತ್ತದೆ, ಹಸಿರು ಬಟನ್ ಒತ್ತಿದರೆ ಗುಂಡು. ಎಡಗೈಯ ಸ್ಟಿಕ್ಕಿನಲ್ಲಿ ಲೇಸರ್ ಚುಕ್ಕೆಯನ್ನು ಮೆಲ್ಲಗೆ ಸರಿಸಬೇಕು. ಶತ್ರು ಹತ್ತಿರ ಬರುತ್ತಿರುತ್ತಾನೆ, ಚುಕ್ಕೆ ಇನ್ನೂ ಅವನ ಭುಜದ ಹತ್ತಿರ ನಡುಗುತ್ತಿರುತ್ತದೆ. ಆ ನಿಧಾನವೇ ಭಯ.

ತೊಂದರೆಗಳೂ ಇವೆ. ಆಟ ಎರಡು ಡಿಸ್ಕಿನಲ್ಲಿದೆ, ಮಧ್ಯೆ ಒಮ್ಮೆ ಎದ್ದು ಬದಲಿಸಬೇಕು. ಚಿತ್ರದ ಮೇಲೂ ಕೆಳಗೂ ಕಪ್ಪು ಪಟ್ಟಿ ಇರುತ್ತದೆ. ಅದನ್ನು ಇವತ್ತಿನ ಅಗಲದ ಟಿವಿಗೆ ಹಾಕಿದರೆ ಎಡಬಲಕ್ಕೂ ಪಟ್ಟಿ ಸೇರಿ, ಚಿತ್ರ ನಡುವೆ ಸಣ್ಣದಾಗಿ ಕೂರುತ್ತದೆ. ಟಿವಿಯಲ್ಲಿ ಝೂಮ್ ಮಾಡಿಕೊಳ್ಳಬೇಕಾಗುತ್ತದೆ. ಇನ್ನು ಕಥೆಯಲ್ಲಿ ಬರುವ ಗೂಢಚಾರಿಣಿ ಏಡಾ ವಾಂಗಳ ದೊಡ್ಡ ಉಪಕಥೆ ಇದರಲ್ಲಿ ಇಲ್ಲ. ಏಡಾಳ ಒಂದು ಸಣ್ಣ ಆಟ ಮತ್ತು ಸಮಯದ ಲೆಕ್ಕದಲ್ಲಿ ಶತ್ರುಗಳನ್ನು ಹೊಡೆಯುವ ಮರ್ಸಿನರೀಸ್ ಮಾತ್ರ ಇವೆ.

ಪ್ಲೇಸ್ಟೇಷನ್ 2: ನಮ್ಮಲ್ಲಿ ಬಹಳ ಜನ ನೋಡಿದ್ದು

ಕರ್ನಾಟಕದಲ್ಲಿ ಗೇಮ್‌ಕ್ಯೂಬ್ ಕಣ್ಣಾರೆ ಕಂಡವರೇ ಕಡಿಮೆ. ಪ್ಲೇಸ್ಟೇಷನ್ 2 ಮಾತ್ರ ಮನೆಮನೆಗೂ ಬಂತು, ಗಂಟೆಗಿಷ್ಟು ಅಂತ ಆಡಿಸುವ ಅಂಗಡಿಗಳಿಗೂ ಬಂತು. ಹಾಗಾಗಿ ನಮ್ಮ ಕಡೆಯ ಒಂದು ಇಡೀ ತಲೆಮಾರಿಗೆ ರೆಸಿಡೆಂಟ್ ಈವಿಲ್ 4 ಅಂದರೆ ಇದೇ.

ಈ ಆಟ ಗೇಮ್‌ಕ್ಯೂಬ್ ಬಿಟ್ಟು ಬೇರೆಲ್ಲೂ ಬರುವುದಿಲ್ಲ ಅಂತ ಮಿಕಾಮಿ ಬಲವಾಗಿ ಹೇಳಿದ್ದರು. ಆದರೂ ಗೇಮ್‌ಕ್ಯೂಬಿನಲ್ಲಿ ಬಿಡುಗಡೆ ಆಗುವ ಮೊದಲೇ, 2004ರ ಕೊನೆಯಲ್ಲಿ, ಆಟ ಮಾಡಿದ ಕಂಪನಿ ಕ್ಯಾಪ್‌ಕಾಮ್ ಪ್ಲೇಸ್ಟೇಷನ್ 2ಕ್ಕೂ ತರುತ್ತೇವೆ ಅಂತ ಪ್ರಕಟಿಸಿತು. ಕಡಿಮೆ ಶಕ್ತಿಯ ಯಂತ್ರಕ್ಕೆ ಇಷ್ಟು ದೊಡ್ಡ ಆಟವನ್ನು ಇಳಿಸಿದ್ದೇ ಒಂದು ಸಾಹಸ. ಬೆಳಕು ತೆಳುವಾಯಿತು, ಗಿಡಮರ ಕಡಿಮೆಯಾದವು, ಮುಖಗಳ ನಯ ಹೋಯಿತು. ಕಥೆಯ ದೃಶ್ಯಗಳನ್ನು ಯಂತ್ರ ಆಗಿಂದಾಗ್ಗೆ ಬಿಡಿಸುವ ಬದಲು, ಮೊದಲೇ ರೆಕಾರ್ಡ್ ಮಾಡಿದ ವಿಡಿಯೋ ಆಗಿ ತುಂಬಿದರು. ಇದರ ಪರಿಣಾಮ ಒಂದು ಕಡೆ ಎದ್ದು ಕಾಣುತ್ತದೆ. ಆಟ ಮುಗಿಸಿ ಗೆದ್ದ ವಿಶೇಷ ಬಟ್ಟೆಯನ್ನು ಲಿಯಾನ್‌ಗೆ ಹಾಕಿ ಹೊರಟರೆ, ಕಥೆಯ ದೃಶ್ಯ ಬಂದಾಗ ಅವನು ಮತ್ತೆ ಹಳೆಯ ಬಟ್ಟೆಯಲ್ಲೇ ಇರುತ್ತಾನೆ. ದೃಶ್ಯ ಮುಗಿದರೆ ಮತ್ತೆ ಹೊಸ ಬಟ್ಟೆ.

ಕಳೆದುಕೊಂಡದ್ದಕ್ಕೆ ಬದಲಾಗಿ ಕೊಟ್ಟದ್ದೂ ದೊಡ್ಡದೇ. ಏಡಾಳ ಆ ದೊಡ್ಡ ಉಪಕಥೆ, ಐದು ಅಧ್ಯಾಯಗಳ ‘ಸೆಪರೇಟ್ ವೇಸ್’, ಮೊದಲು ಬಂದದ್ದು ಇಲ್ಲಿ. ಲಿಯಾನ್ ಹಳ್ಳಿಯಲ್ಲಿ ಸಾಯುವ ಹಾಗಾದಾಗ ಚರ್ಚಿನ ಗಂಟೆ ಬಾರಿಸಿದ್ದು ಯಾರು ಅನ್ನುವುದಕ್ಕೆ ಉತ್ತರ ಅಲ್ಲೇ ಸಿಗುವುದು. ಅಗಲದ ಟಿವಿಗೆ ಸರಿಯಾಗಿ ಹೊಂದುವ ಚಿತ್ರವೂ ಇದರಲ್ಲಿದೆ. ಗುರಿ ಹಿಡಿಯುವುದು ಹೆಚ್ಚು ಕಡಿಮೆ ಗೇಮ್‌ಕ್ಯೂಬಿನ ಹಾಗೇ, ಆದರೆ ಸ್ಟಿಕ್ ಸ್ವಲ್ಪ ಸಡಿಲ ಅನ್ನಿಸುತ್ತದೆ.

ಮನೆಯಲ್ಲಿ ಹಳೆಯ ಪ್ಲೇಸ್ಟೇಷನ್ 2 ಚೆನ್ನಾಗಿ ಓಡುತ್ತಿದ್ದರೆ, ಡಿಸ್ಕೂ ಇದ್ದರೆ, ಖುಷಿಯಾಗಿ ಆಡಿ. ಇದಕ್ಕೋಸ್ಕರ ಹೊಸದಾಗಿ ಯಂತ್ರ ಹುಡುಕಿಕೊಂಡು ಹೋಗಬೇಡಿ. ಡಿಸ್ಕ್ ಓದುವ ಇಪ್ಪತ್ತು ವರ್ಷದ ಲೆನ್ಸ್ ಯಾವಾಗ ಕೈ ಕೊಡುತ್ತದೋ ಹೇಳಲಾಗದು.

ವೀ: ನನ್ನ ಕೈ ಮೊದಲು ಹೋಗುವುದು ಇದಕ್ಕೇ

ವೀ ಎಡಿಷನ್ ಗೇಮ್‌ಕ್ಯೂಬಿನ ಬೆಳಕು ಮತ್ತು ಚಿತ್ರವನ್ನು ಇಟ್ಟುಕೊಂಡು, ಪ್ಲೇಸ್ಟೇಷನ್ 2ರಲ್ಲಿ ಸೇರಿಸಿದ್ದನ್ನೆಲ್ಲ ಅದರ ಜೊತೆ ಕೂಡಿಸಿತು. ಅಗಲದ ಟಿವಿಗೂ ಹೊಂದುತ್ತದೆ. ಇಷ್ಟೇ ಆಗಿದ್ದರೂ ಒಳ್ಳೆಯ ಪೋರ್ಟ್ (ಒಂದು ಯಂತ್ರದ ಆಟವನ್ನು ಇನ್ನೊಂದಕ್ಕೆ ಇಳಿಸಿದ್ದು) ಅನ್ನಬಹುದಿತ್ತು. ಆದರೆ ಇದು ಗುರಿ ಹಿಡಿಯುವುದನ್ನೇ ಬದಲಿಸಿತು. ಬಲಗೈಯಲ್ಲಿ ರಿಮೋಟ್, ಎಡಗೈಯಲ್ಲಿ ನನ್‌ಚಕ್. ರಿಮೋಟನ್ನು ಟಿವಿಯ ಕಡೆ ತೋರಿಸಿದರೆ ಗುರಿಯ ವೃತ್ತ ಅಲ್ಲಿಗೆ ಹೋಗುತ್ತದೆ. ಲೇಸರ್ ಚುಕ್ಕೆ ಇಲ್ಲ, ಸ್ಟಿಕ್ ತಿರುಗಿಸುವ ಕೆಲಸ ಇಲ್ಲ.

ಹಳ್ಳಿಯ ಮೊದಲ ಕಾಳಗವನ್ನೇ ತೆಗೆದುಕೊಳ್ಳಿ. ಎರಡು ಮಹಡಿಯ ಮನೆಯೊಳಗೆ ನುಗ್ಗಿ, ಬಾಗಿಲಿಗೆ ಬೀರು ತಳ್ಳಿ ಅಡ್ಡ ಇಡುತ್ತೀರಿ. ಮೇಲೆ ಹೋದರೆ ಗೋಡೆಯಲ್ಲಿ ಶಾಟ್‌ಗನ್ ನೇತಾಡುತ್ತಿದೆ. ಅಷ್ಟರಲ್ಲಿ ಹೊರಗಡೆ ಗರಗಸದ ಮೋಟಾರು ಶುರುವಾಗುತ್ತದೆ. ತಲೆಗೆ ಗೋಣಿಚೀಲ ಹಾಕಿಕೊಂಡ ಆ ಮನುಷ್ಯ ಹತ್ತಿರ ಬಂದರೆ ಮುಗಿಯಿತು, ಎಷ್ಟೇ ಜೀವ ಇದ್ದರೂ ಒಂದೇ ಏಟು. ಗೇಮ್‌ಕ್ಯೂಬಿನಲ್ಲಿ ಇಲ್ಲಿ ಕೈ ಬೆವರುತ್ತದೆ. ಕಿಟಕಿಯಲ್ಲಿ ಒಬ್ಬ, ಏಣಿಯ ಮೇಲೆ ಇನ್ನೊಬ್ಬ, ಮೆಟ್ಟಿಲ ಮೇಲೆ ಗರಗಸದವನು. ಚುಕ್ಕೆಯನ್ನು ಒಬ್ಬನಿಂದ ಇನ್ನೊಬ್ಬನಿಗೆ ಎಳೆಯುವಷ್ಟರಲ್ಲಿ ಮೂರನೆಯವನು ಕೊರಳು ಹಿಡಿದಿರುತ್ತಾನೆ. ವೀಯಲ್ಲಿ ಅದೇ ಕೋಣೆಯಲ್ಲಿ ನಿಂತು ಮಣಿಕಟ್ಟು ತುಸು ತಿರುಗಿಸಿದರೆ ಸಾಕು: ಕಿಟಕಿಯವನ ಮುಖಕ್ಕೆ ಒಂದು, ಗರಗಸದವನ ಮಂಡಿಗೆ ಒಂದು, ಓಡಿ ಹೋಗಿ ಏಣಿ ತಳ್ಳು. ಕಷ್ಟ ಕಡಿಮೆಯಾಯಿತು ಅನ್ನುವುದು ನಿಜ. ಹೆದರಿಕೆಯ ಜಾಗದಲ್ಲಿ ಹುಮ್ಮಸ್ಸು ಬಂತು ಅನ್ನುವುದೂ ಅಷ್ಟೇ ನಿಜ. ರಿಮೋಟ್ ಕುಲುಕಿದರೆ ಚಾಕು ಬೀಸುತ್ತಾನೆ. ಪೆಟ್ಟಿಗೆ ಒಡೆಯುವುದಕ್ಕೆ ಅದು ಎಷ್ಟು ಸಲೀಸು ಅಂತ ಒಮ್ಮೆ ರೂಢಿಯಾದರೆ ಬೇರೆ ಕಂಟ್ರೋಲರ್ ಬೇಜಾರಾಗುತ್ತದೆ.

ಕೆಲವರು ಇದನ್ನು ಒಪ್ಪುವುದಿಲ್ಲ. ಗುರಿ ಇಷ್ಟು ಸುಲಭವಾದರೆ ನಿಂತು ಹೊಡೆಯುವ ನಿಯಮಕ್ಕೆ ಅರ್ಥ ಏನು ಅಂತ ಕೇಳುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ. ಅದಕ್ಕೇ ಮೊದಲ ಬಾರಿ ಆಡುವವರಿಗಿಂತ, ಆಟ ಒಮ್ಮೆ ಮುಗಿಸಿದವರಿಗೆ ನಾನು ವೀ ಹೇಳುತ್ತೇನೆ. ಇನ್ನೊಂದು ಅನುಕೂಲ, ಕ್ಲಾಸಿಕ್ ಕಂಟ್ರೋಲರನ್ನೋ ಗೇಮ್‌ಕ್ಯೂಬ್ ಕಂಟ್ರೋಲರನ್ನೋ ಸಿಕ್ಕಿಸಿ ಹಳೆಯ ರೀತಿಯಲ್ಲೂ ಆಡಬಹುದು.

ಇಲ್ಲಿ ಒಂದು ಉಪಾಯ. ವೀಯ ಮೊದಲ ಮಾದರಿಗಳಲ್ಲಿ ಮೇಲ್ಭಾಗದ ಮುಚ್ಚಳ ತೆಗೆದರೆ ಗೇಮ್‌ಕ್ಯೂಬ್ ಕಂಟ್ರೋಲರ್ ಸಿಕ್ಕಿಸುವ ನಾಲ್ಕು ತೂತುಗಳಿರುತ್ತವೆ. ಆ ಮಾದರಿ ಗೇಮ್‌ಕ್ಯೂಬ್ ಡಿಸ್ಕನ್ನೂ ಓಡಿಸುತ್ತದೆ. ಒಂದೇ ಯಂತ್ರದಲ್ಲಿ ಎರಡು ಆವೃತ್ತಿ ಸಿಕ್ಕಿತಲ್ವಾ! ಜೊತೆಗೆ, ಒಳ್ಳೆಯ ಚಿತ್ರಕ್ಕೆ ಬೇಕಾದ ಗೇಮ್‌ಕ್ಯೂಬ್ ಕಾಂಪೊನೆಂಟ್ ಕೇಬಲ್ ಈಗ ಅಪರೂಪ, ಬೆಲೆಯೂ ವಿಪರೀತ. ವೀಯ ಕೇಬಲ್ ಸುಲಭವಾಗಿ ಸಿಗುತ್ತದೆ. ಎರಡೂ ಯಂತ್ರಗಳಲ್ಲಿ ಡಿಸ್ಕಿಗೆ ಪ್ರದೇಶದ ಬೀಗ ಇದೆ ಅನ್ನುವುದು ನೆನಪಿರಲಿ. ಜಪಾನಿನ ಡಿಸ್ಕ್ ಅಮೆರಿಕದ ಯಂತ್ರದಲ್ಲಿ ಓಡಲ್ಲ. ವಿದೇಶದಿಂದ ಯಾರಾದರೂ ತಂದುಕೊಡುತ್ತೇನೆ ಅಂದಾಗ ಯಂತ್ರವನ್ನೂ ಡಿಸ್ಕನ್ನೂ ಒಂದೇ ದೇಶದಿಂದ ತರಿಸಿ. ಡಿಸ್ಕಿನ ಮೇಲೆ ‘ಬಯೋಹಜಾರ್ಡ್ 4’ ಅಂತ ಇದ್ದರೆ ಅದು ಜಪಾನಿನದು.

ಈಗಿನ ಯಂತ್ರ ಮನೆಯಲ್ಲಿದ್ದರೆ

ಹಳೆಯ ಯಂತ್ರ ಹುಡುಕುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಪ್ಲೇಸ್ಟೇಷನ್ 4 ಅಥವಾ ಎಕ್ಸ್‌ಬಾಕ್ಸ್ ಒನ್ ಆವೃತ್ತಿ ಸೆಕೆಂಡಿಗೆ 60 ಫ್ರೇಮಿನಲ್ಲಿ ಓಡುತ್ತದೆ. ಪ್ಲೇಸ್ಟೇಷನ್ 5 ಮತ್ತು ಹೊಸ ಎಕ್ಸ್‌ಬಾಕ್ಸ್‌ಗಳಲ್ಲೂ ಇದೇ ಓಡುತ್ತದೆ. ಬೆಲೆ ಕಡಿಮೆ, ರಿಯಾಯಿತಿಯೂ ಆಗಾಗ ಇರುತ್ತದೆ. ಮೂಲದಲ್ಲಿ ಇದ್ದದ್ದು 30 ಫ್ರೇಮ್. ದುಪ್ಪಟ್ಟಾದಾಗ ಗುರಿಯ ಚುಕ್ಕೆ ಕೈ ಹೇಳಿದ ಹಾಗೆ ಕೇಳುತ್ತದೆ. ಮೊದಲ ಬಾರಿ ಆಡುವ ಹೆಚ್ಚಿನವರಿಗೆ ನಾನು ಹೇಳುವುದು ಇದನ್ನೇ. ಶುರು ಮಾಡುವ ಮೊದಲು ಆಯ್ಕೆಗಳಿಗೆ ಹೋಗಿ ಕಂಟ್ರೋಲರ್ ಜೋಡಣೆಗಳನ್ನು ಒಂದೊಂದಾಗಿ ಪರೀಕ್ಷಿಸಿ. ಈಗಿನ ಆಟಗಳ ರೂಢಿ ಇರುವವರಿಗೆ ಮೊದಲೇ ಇರುವ ಜೋಡಣೆ ಕೈಗೆ ಒಗ್ಗದೇ ಇರಬಹುದು.

ಸ್ವಿಚ್‌ನಲ್ಲಿ ಹಾಸಿಗೆಯಲ್ಲಿ ಮಲಗಿ ಆಡಬಹುದು, ಬಸ್ಸಿನಲ್ಲಿ ಆಡಬಹುದು. ಸಣ್ಣ ಪರದೆಯಲ್ಲಿ ಹಳೆಯ ಚಿತ್ರದ ಒರಟು ಅಷ್ಟಾಗಿ ಕಾಣುವುದೂ ಇಲ್ಲ. ಆದರೆ ನನಗೆ ಇದರಲ್ಲಿ ನಿಜವಾದ ಬೇಸರ ಒಂದಿದೆ. ಸ್ವಿಚ್ ಕಂಟ್ರೋಲರ್ ಒಳಗೆ ಕೈಯ ಓರೆ ಗುರುತಿಸುವ ಜೈರೋ ಇದೆ. ಇದೇ ನಿಂಟೆಂಡೋ ಕಂಪನಿಯ ವೀಯಲ್ಲಿ ಹನ್ನೆರಡು ವರ್ಷ ಮೊದಲೇ ಕೈ ಆಡಿಸಿ ಗುರಿ ಹಿಡಿದಿದ್ದೆವು. ಹಾಗಿದ್ದೂ ಸ್ವಿಚ್‌ನ ರೆಸಿಡೆಂಟ್ ಈವಿಲ್ 4ರಲ್ಲಿ ಆ ಸೌಲಭ್ಯ ಇಡಲಿಲ್ಲ. ಅದೇ ಯಂತ್ರಕ್ಕೆ ಬಂದ 5 ಮತ್ತು 6ರಲ್ಲಿ ಇಟ್ಟರು. ಇದೊಂದು ಸೇರಿದ್ದಿದ್ದರೆ ನಾನು ಎಲ್ಲರಿಗೂ ಸ್ವಿಚ್ ಅನ್ನುತ್ತಿದ್ದೆ. ಪ್ರಯಾಣದಲ್ಲಿ ಆಡುವುದು ಮುಖ್ಯ ಅನ್ನುವವರು ಕೊಳ್ಳಲಿ, ಉಳಿದವರಿಗೆ ಅಗತ್ಯವಿಲ್ಲ.

ಪ್ಲೇಸ್ಟೇಷನ್ 3, ಎಕ್ಸ್‌ಬಾಕ್ಸ್ 360ರ ಆವೃತ್ತಿಗಳು ನಡುವಿನ ಮೆಟ್ಟಿಲು. ಯಂತ್ರ ಮೊದಲೇ ಇದ್ದರೆ ಸರಿ.

ಕಂಪ್ಯೂಟರ್: ಒಂದು ಬೇಡ, ಒಂದು ಬೇಕೇ ಬೇಕು

ಕಂಪ್ಯೂಟರಿಗೆ ಎರಡು ಬೇರೆ ಬೇರೆ ಪೋರ್ಟ್ ಬಂದಿವೆ, ಗೊಂದಲ ಮಾಡಿಕೊಳ್ಳಬೇಡಿ. 2007ರದು ಪ್ಲೇಸ್ಟೇಷನ್ 2ರಿಂದ ಇಳಿಸಿದ್ದು. ಬೆಳಕು ಮಂಜು ಎಲ್ಲ ಮಾಯವಾಗಿ ಹಳ್ಳಿ ಬೋಳಾಗಿ ಕಾಣುತ್ತಿತ್ತು, ಆಮೇಲೆ ತೇಪೆ ಹಾಕಿದರು. ಎಲ್ಲಕ್ಕಿಂತ ದೊಡ್ಡ ಕೊರತೆ ಅಂದರೆ ಗುರಿ ಹಿಡಿಯಲು ಮೌಸ್ ಕೆಲಸ ಮಾಡುತ್ತಿರಲಿಲ್ಲ. ಬಂಡೆ ಉರುಳಿ ಬರುವಾಗ ತಟ್ಟನೆ ಒತ್ತಬೇಕಾದ ಬಟನ್ನಿಗೆ ಕೀಬೋರ್ಡಿನ ಅಕ್ಷರದ ಬದಲು ಜಾಯ್‌ಸ್ಟಿಕ್ಕಿನ ಸಂಖ್ಯೆ ತೋರಿಸುತ್ತಿತ್ತು. ಇದನ್ನು ಬಿಟ್ಟುಬಿಡಿ.

2014ರ ಫೆಬ್ರುವರಿಯಲ್ಲಿ ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್‌ಗೆ ಬಂದ ಅಲ್ಟಿಮೇಟ್ ಎಚ್‌ಡಿ ಎಡಿಷನ್ ಬೇರೆಯೇ ವಿಷಯ. ಮೌಸ್ ಇದೆ, 60 ಫ್ರೇಮ್ ಇದೆ. ಬೇಕಾದರೆ 30ಕ್ಕೂ ಇಳಿಸಬಹುದು. ಇದರ ಮೇಲೆ ಇಬ್ಬರು ಅಭಿಮಾನಿಗಳು ಸುಮಾರು ಎಂಟು ವರ್ಷ ಕೂತು ‘ಎಚ್‌ಡಿ ಪ್ರಾಜೆಕ್ಟ್’ ಅನ್ನುವ ಉಚಿತ ಮಾಡ್ (ಆಟವನ್ನು ಬದಲಿಸುವ ಹೆಚ್ಚುವರಿ ತಂತ್ರಾಂಶ) ಮಾಡಿದರು. 2022ರ ಫೆಬ್ರುವರಿಯಲ್ಲಿ ಅದರ ಪೂರ್ಣ ಆವೃತ್ತಿ ಬಂತು. ಅವರ ಕೆಲಸದ ರೀತಿ ನೋಡಿದರೆ ಗೌರವ ಹುಟ್ಟುತ್ತದೆ. ಮೂಲ ಆಟದ ಗೋಡೆ, ಬಾಗಿಲು, ಕೆತ್ತನೆಗಳಲ್ಲಿ ಎಷ್ಟೋ ಚಿತ್ರಗಳು ಯುರೋಪಿನ ನಿಜವಾದ ಕಟ್ಟಡಗಳ ಫೋಟೋಗಳಿಂದ ಬಂದವು. ಗೇಮ್‌ಕ್ಯೂಬಿಗೆ ಹೊಂದಲಿ ಅಂತ ಅವನ್ನು ತೀರಾ ಸಣ್ಣದು ಮಾಡಿದ್ದರು. ಈ ಅಭಿಮಾನಿಗಳು ಆ ಮಸುಕು ಚಿತ್ರಗಳನ್ನು ನೋಡಿ, ಇದು ಯಾವ ಊರಿನ ಯಾವ ಬಾಗಿಲು ಅಂತ ಪತ್ತೆ ಹಚ್ಚಿ, ಅಲ್ಲಿಗೇ ಹೋಗಿ ಮತ್ತೆ ಫೋಟೋ ತೆಗೆದರು. ಅದೇ ಬಾಗಿಲು, ಅದೇ ಕಲ್ಲು, ಈಗ ಸ್ಪಷ್ಟವಾಗಿ. ಬೆಳಕನ್ನೂ ಗೇಮ್‌ಕ್ಯೂಬಿನ ಹತ್ತಿರಕ್ಕೆ ತಂದಿದ್ದಾರೆ. ಕಣ್ಣಿಗೆ ಬೇಕಾದ್ದು ಇದಕ್ಕಿಂತ ಚೆನ್ನಾಗಿ ಬೇರೆಲ್ಲೂ ಇಲ್ಲ ಅಂತ ಧೈರ್ಯವಾಗಿ ಹೇಳುತ್ತೇನೆ.

ಮೌಸ್ ಹಿಡಿದರೆ ಗುರಿ ವೀಯಷ್ಟೇ ಚುರುಕು. ನಾನಾದರೂ ಇದರಲ್ಲಿ ಗೇಮ್‌ಪ್ಯಾಡ್ ಸಿಕ್ಕಿಸಿಯೇ ಆಡುತ್ತೇನೆ. ಮೌಸಿನಲ್ಲಿ ತಲೆಗೆ ಹೊಡೆಯುವುದು ಅತಿಯಾಗಿ ಸಲೀಸು. ಉಸಿರು ಬಿಡುತ್ತಾ ಬರುವ, ಗುಂಡು ತಿಂದ ಅಂಗ ಮತ್ತೆ ಬೆಳೆಯುವ ಆ ರೀಜನರೇಟರ್ ಕೂಡ ಆಗ ಸುಮ್ನೆ ಒಂದು ಗುರಿಯ ಹಲಗೆ ಆಗಿಬಿಡುತ್ತದೆ. ಇನ್ಫ್ರಾರೆಡ್ ದೂರದರ್ಶಕ ಹಾಕಿ, ಅವನ ಮೈಯೊಳಗಿನ ಹುಳುಗಳನ್ನು ಹುಡುಕಿ ಒಂದೊಂದೇ ಕೊಲ್ಲುವಾಗ ಕೈ ನಡುಗಬೇಕು. ಬಟನ್ ಪಟಪಟ ಒತ್ತುವ ಜಾಗಗಳು 60 ಫ್ರೇಮಿನಲ್ಲಿ ಕಷ್ಟ ಅನ್ನಿಸಿದರೆ 30ಕ್ಕೆ ಇಳಿಸಿ ದಾಟಿ.

ಈ ಆಟದಲ್ಲಿ ಇನ್ನೊಂದು ಗುಟ್ಟು ಇದೆ, ಎಲ್ಲ ಯಂತ್ರಗಳಿಗೂ ಸೇರಿದ್ದು. ನೀವು ಚೆನ್ನಾಗಿ ಆಡಿದರೆ ಆಟ ಒಳಗೊಳಗೇ ಕಷ್ಟವಾಗುತ್ತದೆ. ಪದೇ ಪದೇ ಸತ್ತರೆ ಶತ್ರುಗಳು ಕಡಿಮೆಯಾಗುತ್ತಾರೆ, ಏಟೂ ಹಗುರವಾಗುತ್ತದೆ. ಹಾಗಾಗಿ ಒಂದು ಯಂತ್ರದಲ್ಲಿ ಆಟ ಸುಲಭ ಅನ್ನಿಸಿದರೆ ಅದು ಕಂಟ್ರೋಲರ್ ಒಗ್ಗಿದ್ದರಿಂದ ಇರಬಹುದು, ಒಗ್ಗದೇ ಸತ್ತು ಸತ್ತು ಆಟವೇ ಕರುಣೆ ತೋರಿಸಿದ್ದೂ ಇರಬಹುದು. ಎರಡು ಪೋರ್ಟ್‌ಗಳನ್ನು ನಿಜವಾಗಿ ಹೋಲಿಸಬೇಕಿದ್ದರೆ ಪ್ರೊಫೆಷನಲ್ ಮಟ್ಟದಲ್ಲಿ ಆಡಿ. ಅಲ್ಲಿ ಈ ಕರುಣೆ ಇಲ್ಲ.

ಕ್ವೆಸ್ಟ್

ಆರ್ಮೇಚರ್ ಸ್ಟುಡಿಯೋ ಮಾಡಿದ ಕ್ವೆಸ್ಟ್ ಆವೃತ್ತಿಯಲ್ಲಿ ಲಿಯಾನ್‌ನ ಬೆನ್ನು ಕಾಣುವುದಿಲ್ಲ, ನೀವೇ ಲಿಯಾನ್. ಸೊಂಟದಿಂದ ಪಿಸ್ತೂಲು ಎಳೆಯಬೇಕು, ಭುಜದ ಹಿಂದೆ ಕೈ ಹಾಕಿ ಶಾಟ್‌ಗನ್ ತೆಗೆಯಬೇಕು, ಗುಂಡು ಖಾಲಿಯಾದರೆ ಕೈಯಿಂದಲೇ ತುಂಬಬೇಕು. ಶತ್ರು ಎರಡು ಅಡಿ ದೂರದಲ್ಲಿರುವಾಗ ಮ್ಯಾಗಜಿನ್ ತೂತಿಗೆ ಸೇರದೆ ಒದ್ದಾಡುವುದಿದೆಯಲ್ಲ, ಆ ಭಯವನ್ನು ಬೇರೆ ಯಾವ ಪೋರ್ಟೂ ಕೊಟ್ಟಿಲ್ಲ. ಇಲ್ಲಿ ನಡೆಯುತ್ತಾ ಹೊಡೆಯಬಹುದು. ಆದರೂ ಭಯ ಉಳಿದದ್ದು ಈ ಕೈಕೆಲಸದಿಂದ. ಕಥೆಯ ದೃಶ್ಯಗಳು ಮಾತ್ರ ಎದುರಿಗೆ ಚಪ್ಪಟೆ ಪರದೆಯಲ್ಲಿ ಬರುತ್ತವೆ. ಕೆಲವು ಸಂಭಾಷಣೆ ತೆಗೆದಿದ್ದಾರೆ, ಸೆಪರೇಟ್ ವೇಸ್ ಇಲ್ಲ. ತಲೆ ಸುತ್ತುವವರು ಮೊದಲು ಸ್ನೇಹಿತರ ಕ್ವೆಸ್ಟ್‌ನಲ್ಲಿ ಬೇರೆ ಯಾವುದಾದರೂ ಆಟ ಸ್ವಲ್ಪ ಹೊತ್ತು ಆಡಿ ನೋಡಲಿ. ಇದನ್ನೇ ಮೊದಲ ಆವೃತ್ತಿಯಾಗಿ ಆಡಬೇಡಿ. ಮುಂದಿನ ಬಾಗಿಲ ಹಿಂದೆ ಏನಿದೆ ಅಂತ ಗೊತ್ತಿದ್ದು ನಡುಗುವುದರಲ್ಲೇ ಇದರ ಸೊಗಸು.

2023ರ ಹೊಸ ಆಟ

2023ರ ಮಾರ್ಚ್ 24ರಂದು ಬಂದದ್ದು ಪೋರ್ಟ್ ಅಲ್ಲ, ಮೊದಲಿಂದ ಕಟ್ಟಿದ ಹೊಸ ಆಟ. ಹೆಸರು ಅದೇ ಆದ್ದರಿಂದ ಅಂಗಡಿಯಲ್ಲಿ ತಪ್ಪು ತೆಗೆದುಕೊಳ್ಳುವ ಸಾಧ್ಯತೆ ಇದೆ. ಬಿಡುಗಡೆಯ ವರ್ಷ ನೋಡಿ ಕೊಳ್ಳಿ. ಇದು ಪ್ಲೇಸ್ಟೇಷನ್ 4ರಲ್ಲಿ ಓಡುತ್ತದೆ, ಎಕ್ಸ್‌ಬಾಕ್ಸ್ ಒನ್‌ನಲ್ಲಿ ಓಡಲ್ಲ. ಗೋಲ್ಡ್ ಎಡಿಷನ್ ಅಲ್ಲದಿದ್ದರೆ ಸೆಪರೇಟ್ ವೇಸ್ ಅನ್ನು ಬೇರೆಯಾಗಿ ಕಾಸು ಕೊಟ್ಟು ಕೊಳ್ಳಬೇಕು.

ಇದರಲ್ಲಿ ಲಿಯಾನ್ ನಡೆಯುತ್ತಾ ಗುಂಡು ಹಾರಿಸುತ್ತಾನೆ. ಗರಗಸವನ್ನೂ ಚಾಕುವಿನಿಂದ ತಡೆಯುತ್ತಾನೆ, ಆದರೆ ಚಾಕು ಸವೆಯುತ್ತದೆ, ರಿಪೇರಿ ಮಾಡಿಸಬೇಕು. ಲಿಯಾನ್ ಚುರುಕಾದದ್ದಕ್ಕೆ ಸರಿಯಾಗಿ ಹಳ್ಳಿಯವರನ್ನೂ ಚುರುಕು ಮಾಡಿದ್ದಾರೆ. ತುಂಬಾ ಒಳ್ಳೆಯ ಆಟ, ನನಗೂ ಇಷ್ಟ. ಎರಡನ್ನೂ ಆಡುವ ಆಸೆ ಇದ್ದರೆ ಹಳೆಯದನ್ನು ಮೊದಲು ಮುಗಿಸಿ, ಅದೂ ಸ್ಟಿಕ್ ಇರುವ ಕಂಟ್ರೋಲರಿನಲ್ಲಿ. ನಡೆಯುತ್ತಾ ಹೊಡೆಯುವುದು ಒಮ್ಮೆ ಕೈಗೆ ಕೂತರೆ, ನಿಂತು ಹೊಡೆಯುವುದಕ್ಕೆ ಕೈಯನ್ನು ಮತ್ತೆ ಒಗ್ಗಿಸುವುದು ಕಷ್ಟ. ಬಹಳ ಜನ ಹಳೆಯದನ್ನು ಮೊದಲ ಹಳ್ಳಿಯಲ್ಲೇ ಕೈಬಿಡುವುದು ಇದೇ ಕಾರಣಕ್ಕೆ.